ಹೈಸ್ಕೂಲಿನಲ್ಲಿ ಗೆದ್ದ ಓಟಗಾರ ಡಿಗ್ರಿ ಕಾಲೇಜಿನ ಮೈದಾನಕ್ಕೆ ಯಾಕೆ ಬರುವುದಿಲ್ಲ?

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಅಂತರ ಕಾಲೇಜು ಅಥ್ಲೆಟಿಕ್ಸ್ ಕೂಟಕ್ಕೆ ಹೆಸರು ಬರೆಸುವಾಗ ನೂರು, ಇನ್ನೂರು ಮೀಟರಿಗೆ ಹುಡುಗರು ಹೇಗೋ ಸಿಗುತ್ತಾರೆ. 5,000 ಮತ್ತು 10,000 ಮೀಟರಿನ ಜಾಗ ಮಾತ್ರ ಕೊನೆಯವರೆಗೂ ಖಾಲಿ. ಕಬಡ್ಡಿ ತಂಡದಲ್ಲಿ ದಮ್ಮಿರುವ ಒಬ್ಬನನ್ನೋ, ಪೊಲೀಸ್ ನೇಮಕಾತಿಗೆಂದು ಬೆಳಿಗ್ಗೆ ಓಡುವ ಇನ್ನೊಬ್ಬನನ್ನೋ ಪುಸಲಾಯಿಸಿ ನಿಲ್ಲಿಸುವುದು ಎಷ್ಟೋ ಕಡೆ ರೂಢಿಯಾಗಿದೆ. ಆದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಜಗಳೂರಿನಲ್ಲೋ ಚಳ್ಳಕೆರೆಯಲ್ಲೋ ಹೊನ್ನಾಳಿಯಲ್ಲೋ ನಡೆಯುವ ತಾಲ್ಲೂಕು ಮಟ್ಟದ ಪ್ರೌಢಶಾಲಾ ಕೂಟಕ್ಕೆ ಹೋಗಿ ನೋಡಿದರೆ ಚಿತ್ರವೇ ಬೇರೆ. 1,500 ಮೀಟರಿಗೆ ಸುಣ್ಣದ ಗೆರೆಯ ಮೇಲೆ ಎರಡು ಸಾಲು ಮಕ್ಕಳು ನಿಂತಿರುತ್ತಾರೆ, ಅರ್ಧಕ್ಕರ್ಧ ಬರಿಗಾಲು. ಮೊದಲ ನಾಲ್ಕೈದು ಜನ ಯಾವ ತರಬೇತಿಯೂ ಇಲ್ಲದೆ ಐದು ನಿಮಿಷದ ಆಸುಪಾಸಿನಲ್ಲಿ ಮುಗಿಸುವುದು ಅಪರೂಪವಲ್ಲ.

ಹಾಗಾದರೆ ಓಟಗಾರರ ಬರ ಎಲ್ಲಿ ಶುರುವಾಗುತ್ತದೆ? ಎರಡು ಉತ್ತರ ಎಲ್ಲರ ಬಾಯಲ್ಲೂ ಇವೆ. ಈಗಿನ ಮಕ್ಕಳಿಗೆ ಮೊಬೈಲ್ ಸಾಕು, ಮೈ ಬಗ್ಗಿಸುವುದಿಲ್ಲ ಎನ್ನುವುದು ಒಂದು. ಚೆನ್ನಾಗಿ ಓಡುವವರನ್ನೆಲ್ಲ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯವರು ಕರೆದುಕೊಂಡು ಹೋಗುತ್ತಾರೆ ಎನ್ನುವುದು ಇನ್ನೊಂದು. ಮೊದಲನೆಯದು ತಪ್ಪೆಂದು ತಾಲ್ಲೂಕು ಕೂಟದ ಗೆರೆಯೇ ಹೇಳುತ್ತದೆ. ಎರಡನೆಯದರಲ್ಲಿ ಸತ್ಯವಿದೆ, ಆದರೆ ರಾಜ್ಯ ಮಟ್ಟ ಮುಟ್ಟಿದ ಕೆಲವೇ ಮಕ್ಕಳ ಮಟ್ಟಿಗೆ. ತಾಲ್ಲೂಕಿನಲ್ಲಿ ಎರಡನೆಯ, ನಾಲ್ಕನೆಯ, ಆರನೆಯ ಸ್ಥಾನ ಪಡೆದವರನ್ನು ಯಾರೂ ಕರೆದೊಯ್ದಿಲ್ಲ. ಅವರು ಊರಲ್ಲೇ ಇದ್ದಾರೆ, ಓಡುವುದನ್ನು ಬಿಟ್ಟಿದ್ದಾರೆ. ಕಾಲೇಜುಗಳು ಅವರನ್ನು ಹುಡುಕುವ ಹೊತ್ತು ತಪ್ಪಾಗಿದೆ, ಅಳೆಯುವ ರೀತಿ ತಪ್ಪಾಗಿದೆ, ಕೊಡುತ್ತೇವೆ ಎನ್ನುವುದರಲ್ಲಿ ಅವರಿಗೆ ಬೇಕಾದದ್ದಿಲ್ಲ. ಮೂರರಲ್ಲಿ ಹೆಚ್ಚು ಹಾನಿ ಮಾಡಿರುವುದು ಮೊದಲನೆಯದು.

ಯಾರ ಲೆಕ್ಕಕ್ಕೂ ಸೇರದ ಎರಡು ವರ್ಷ

ನಮ್ಮಲ್ಲಿ ಹೈಸ್ಕೂಲಿನಿಂದ ನೇರವಾಗಿ ಡಿಗ್ರಿಗೆ ದಾರಿಯಿಲ್ಲ, ನಡುವೆ ಪಿಯುಸಿ ಇದೆ. ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು ಇರುತ್ತಾರೆ. ಅವರ ಮೇಲೆ ತಾಲ್ಲೂಕಿಗೊಬ್ಬರು ದೈಹಿಕ ಶಿಕ್ಷಣ ಪರಿವೀಕ್ಷಕರು. ಹೋಬಳಿ, ತಾಲ್ಲೂಕು, ಜಿಲ್ಲೆ, ಬೆಂಗಳೂರು ವಿಭಾಗ, ರಾಜ್ಯ ಎಂದು ಮೆಟ್ಟಿಲುಗಳೂ ಇವೆ. ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಇದೆ, ವಿಶ್ವವಿದ್ಯಾಲಯದ ಕ್ರೀಡಾ ವಿಭಾಗವಿದೆ. ನಡುವಿನ ಪಿಯು ಕಾಲೇಜುಗಳಲ್ಲಿ, ಅದರಲ್ಲೂ ಸರ್ಕಾರಿ ಕಾಲೇಜುಗಳಲ್ಲಿ, ದೈಹಿಕ ಶಿಕ್ಷಣಕ್ಕೆಂದೇ ಇರುವ ಉಪನ್ಯಾಸಕರು ಬಹಳ ಕಡಿಮೆ. ಕನ್ನಡವನ್ನೋ ವಾಣಿಜ್ಯವನ್ನೋ ಕಲಿಸುವವರಿಗೆ ಕ್ರೀಡೆಯ ಉಸ್ತುವಾರಿ ವಹಿಸಲಾಗಿರುತ್ತದೆ. ಪಿಯು ಕ್ರೀಡಾಕೂಟ ನಡೆಯುತ್ತದೆ, ನಿಜ. ಆದರೆ ನೋಟಿಸು ಬಂದ ಮೇಲೆ ಆಸಕ್ತರ ಹೆಸರು ಬರೆದುಕೊಳ್ಳುವುದು, ಕೂಟದ ದಿನ ಬಸ್ಸು ಹತ್ತಿಸುವುದು, ಇಷ್ಟಕ್ಕೇ ಅದು ಮುಗಿಯುತ್ತದೆ.

ಒಬ್ಬ ಹುಡುಗನ ಮಟ್ಟಿಗೆ ಇದನ್ನು ತಿಂಗಳ ಲೆಕ್ಕದಲ್ಲಿ ನೋಡಬೇಕು. ಹತ್ತನೇ ತರಗತಿಯ ಅಕ್ಟೋಬರಿಗೆ ಅವನ ಕೊನೆಯ ಓಟ ಮುಗಿಯುತ್ತದೆ. ಆಮೇಲೆ ವಿಶೇಷ ತರಗತಿ. ಚಿತ್ರದುರ್ಗ ಜಿಲ್ಲೆ 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಅದು ಹೆಮ್ಮೆಯ ವಿಷಯ. ಆದರೆ ಫಲಿತಾಂಶದ ಒತ್ತಡ ಇರುವ ಎಲ್ಲ ಜಿಲ್ಲೆಗಳಂತೆ ಇಲ್ಲಿಯೂ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಪಾಠಕ್ಕೆ ಸೇರಿಕೊಳ್ಳುತ್ತದೆ, ಆಟದ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ. ಮಾರ್ಚಿನಲ್ಲಿ ಪರೀಕ್ಷೆ, ಜೂನಿನಲ್ಲಿ ಪಿಯುಸಿ, ಅಲ್ಲಿ ಎರಡು ವರ್ಷ. ಪದವಿ ಕಾಲೇಜಿನ ಮೈದಾನಕ್ಕೆ ಅವನು ಬರುವುದು ಮತ್ತೊಂದು ಜುಲೈಗೆ. ಕೊನೆಯ ಓಟಕ್ಕೂ ಈ ಜುಲೈಗೂ ನಡುವೆ 33 ತಿಂಗಳು. ಆ 33 ತಿಂಗಳಲ್ಲಿ ಅವನು ಓಡಿದನೇ, ಕಾಲು ನೋಯಿಸಿಕೊಂಡನೇ, ಎಷ್ಟು ಎತ್ತರವಾದ, ಯಾವ ಕೋರ್ಸಿಗೆ ಸೇರಿದ ಎನ್ನುವುದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಡಿಗ್ರಿ ಕಾಲೇಜು ‘ಹೈಸ್ಕೂಲು ಪ್ರತಿಭೆ’ ಎಂದು ಹುಡುಕುವುದು ಓಟ ಬಿಟ್ಟು ಮೂರು ವರ್ಷವಾಗುತ್ತಾ ಬಂದ ಯುವಕನನ್ನು.

ದೂರದ ಓಟಕ್ಕೆ ಈ ವಯಸ್ಸು, ಅಂದರೆ ಹದಿನಾರರಿಂದ ಹದಿನೆಂಟು, ಅಡಿಪಾಯದ ಕಾಲ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದು, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳ ಬಲೆ ಹೆಣೆದುಕೊಳ್ಳುವುದು ಆರಾಮವಾಗಿ, ಮಾತಾಡುತ್ತಾ ಓಡಬಹುದಾದ ವೇಗದ ನೂರಾರು ಗಂಟೆಗಳಿಂದ. ಅದನ್ನು ಆಮೇಲೆ ಎರಡು ತಿಂಗಳಲ್ಲಿ ಸರಿದೂಗಿಸಲು ಬರುವುದಿಲ್ಲ. ವಾರದ ಲೆಕ್ಕದಲ್ಲಿ ಹೇಳುವುದಾದರೆ ಹತ್ತನೇ ತರಗತಿಯಲ್ಲಿ 20ರಿಂದ 25 ಕಿ.ಮೀ., ಮೊದಲ ಪಿಯುನಲ್ಲಿ 30ರಿಂದ 40, ಎರಡನೇ ಪಿಯುನಲ್ಲಿ ಪರೀಕ್ಷೆಯ ತಿಂಗಳು ಬಿಟ್ಟು 40ರಿಂದ 50 ಓಡಿ ಬಂದವನು ಪದವಿಯ ಮೊದಲ ವರ್ಷಕ್ಕೆ 60 ಕಿ.ಮೀ.ಯನ್ನು ನೋವಿಲ್ಲದೆ ಹೊರುತ್ತಾನೆ. ಮೂರನೇ ವರ್ಷಕ್ಕೆ 80ರಿಂದ 100 ಕೂಡ ಸಾಧ್ಯ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ 5,000 ಮೀಟರಿನ ಪದಕದ ಸಾಲಿಗೆ ಬರಬೇಕಾದರೆ 14 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು, ಎಂದರೆ 400 ಮೀಟರಿನ ಪ್ರತಿ ಸುತ್ತು 69.6 ಸೆಕೆಂಡಿನಂತೆ ಹನ್ನೆರಡೂವರೆ ಸುತ್ತು. ಈ ಅಡಿಪಾಯವಿಲ್ಲದೆ ಅದು ಆಗದ ಮಾತು.

ಈಗ ನಡೆಯುತ್ತಿರುವುದು ಏನೆಂದರೆ, ಜುಲೈ ಅಥವಾ ಆಗಸ್ಟಿನಲ್ಲಿ ಸೇರಿದ ಹುಡುಗನಿಗೆ ಆರು ವಾರದಲ್ಲಿ ಅಂತರ ಕಾಲೇಜು ಕೂಟ ಎಂದು ಹೇಳಿ ಮೊದಲ ವಾರದಿಂದಲೇ ದಿನಕ್ಕೆ ಎಂಟು ಹತ್ತು ಕಿ.ಮೀ. ಓಡಿಸುವುದು. ಅದೂ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯ ಟಾರಿನ ಮೇಲೆ, ಹಳೆಯ ಶೂನಲ್ಲಿ. ಉಸಿರು ಎರಡು ಮೂರು ವಾರಕ್ಕೆ ಸುಧಾರಿಸುತ್ತದೆ, ಹುಡುಗನಿಗೂ ಹುರುಪು ಬರುತ್ತದೆ. ಮೂಳೆ ಮತ್ತು ಸ್ನಾಯುರಜ್ಜು ಗಟ್ಟಿಯಾಗಲು ಮಾತ್ರ ತಿಂಗಳುಗಳೇ ಬೇಕು. ನಾಲ್ಕನೇ ವಾರದ ಹೊತ್ತಿಗೆ ಮೊಣಕಾಲಿನ ಕೆಳಗೆ, ಕಣಕಾಲಿನ ಎಲುಬಿನ ಒಳಬದಿಯಲ್ಲಿ ನೋವು. ಬೆರಳಿನಿಂದ ಒತ್ತಿದರೆ ಅಂಗೈ ಅಗಲದಷ್ಟು ಜಾಗ ನೋಯುತ್ತಿದ್ದರೆ ಅದು ಶಿನ್ ನೋವು, ಓಟ ಅರ್ಧಕ್ಕಿಳಿಸಿ ಮಣ್ಣಿನ ನೆಲಕ್ಕೆ ಬದಲಾಯಿಸಿದರೆ ಹತೋಟಿಗೆ ಬರುತ್ತದೆ. ಒಂದೇ ಚುಕ್ಕೆಯಲ್ಲಿ, ರಾತ್ರಿ ಮಲಗಿದಾಗಲೂ ಸೆಳೆಯುವಂತಿದ್ದರೆ ಎಲುಬಿನಲ್ಲಿ ಬಿರುಕು ಶುರುವಾಗಿರಬಹುದು. ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಲೇಬೇಕು, ಮತ್ತೆ ಓಡಲು ಆರರಿಂದ ಎಂಟು ವಾರ. ಹೀಗೆ ಕಾಲು ಕೆಡಿಸಿಕೊಂಡು ಊರಿಗೆ ಹೋದ ಒಬ್ಬನನ್ನು ನೋಡಿದ ಮೇಲೆ ಅದೇ ಊರಿನ ಮುಂದಿನ ಇಬ್ಬರು ಆ ಕಾಲೇಜಿನ ಕಡೆ ತಲೆ ಹಾಕುವುದಿಲ್ಲ. ಕಾಲೇಜಿಗೆ ಓಟಗಾರರು ಸಿಗದಿರುವುದಕ್ಕೆ ಇದೂ ಒಂದು ಕಾರಣ, ಇದರ ಬಗ್ಗೆ ಮಾತಾಡುವವರು ಕಡಿಮೆ.

ಹುಡುಗನ ಮನೆಯವರ ಲೆಕ್ಕ

ಓಡುವ ಹುಡುಗನ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: ಓಡಿದರೆ ಏನು ಸಿಗುತ್ತದೆ? ಸೇನೆ ಇದಕ್ಕೆ ನೇರ ಉತ್ತರ ಕೊಡುತ್ತದೆ. 2022ರಲ್ಲಿ ಶುರುವಾದ ಅಗ್ನಿಪಥದಲ್ಲಿ ಹದಿನೇಳೂವರೆ ವಯಸ್ಸಿಗೇ ಅರ್ಜಿ ಹಾಕಬಹುದು, ಜನರಲ್ ಡ್ಯೂಟಿಗೆ ಹತ್ತನೇ ತರಗತಿ ಸಾಕು, 1,600 ಮೀಟರನ್ನು 5 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಿದರೆ ಓಟಕ್ಕೆ ಪೂರ್ತಿ 60 ಅಂಕ. ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಸಶಸ್ತ್ರ ಪೊಲೀಸ್ ಪಡೆಗೆ ಎಸ್ಸೆಸ್ಸೆಲ್ಸಿ, ಸಿವಿಲ್ ಪೊಲೀಸ್‌ಗೆ ಪಿಯುಸಿ ಆಗಿದ್ದರೆ ಸಾಕು. ಕೇಂದ್ರೀಯ ಪಡೆಗಳ ಕಾನ್‌ಸ್ಟೆಬಲ್ ಜಿಡಿಗೆ (ಜನರಲ್ ಡ್ಯೂಟಿ) ಪುರುಷರು 24 ನಿಮಿಷದಲ್ಲಿ 5 ಕಿ.ಮೀ. ಈ ಯಾವುದಕ್ಕೂ ಪದವಿ ಬೇಕಿಲ್ಲ. ಹಾಗಾಗಿ ಪಿಯುಸಿ ಮುಗಿಸಿದ ಗಟ್ಟಿ ಓಟಗಾರ ಕಾಲೇಜಿನ ಪ್ರವೇಶ ಫಾರಂ ತೆಗೆದುಕೊಳ್ಳುವ ಬದಲು ನೇಮಕಾತಿ ತರಬೇತಿ ಕೇಂದ್ರಕ್ಕೆ ಸೇರುತ್ತಾನೆ. ಮನೆಯ ಪರಿಸ್ಥಿತಿ ಗೊತ್ತಿದ್ದವರು ಅದನ್ನು ತಪ್ಪು ಎನ್ನಲಾರರು.

ಆದರೆ ಅಲ್ಲಿ ಅವನ ಓಟಕ್ಕೆ ಆಗುವುದನ್ನು ಅರಿತಿರಬೇಕು. ದಿನವೂ ಬೆಳಿಗ್ಗೆ 1,600 ಮೀಟರ್ ಪೂರ್ತಿ ಬಲ ಹಾಕಿ ಓಡುವುದು, ಸಮಯ ಬರೆದುಕೊಳ್ಳುವುದು, ಮರುದಿನ ಮತ್ತೆ ಅದೇ. ಮೊದಲ ಎರಡು ತಿಂಗಳು ಸಮಯ ಚೆನ್ನಾಗಿ ಇಳಿಯುತ್ತದೆ, ಆಮೇಲೆ 5 ನಿಮಿಷ 40ರ ಹತ್ತಿರ ಕಚ್ಚಿಕೊಂಡು ನಿಲ್ಲುತ್ತದೆ. ಆರಾಮ ಓಟದ ತಳಪಾಯ ಇಲ್ಲದಿರುವುದೇ ಇದಕ್ಕೆ ಕಾರಣ. ಕಾಲೇಜಿಗೆ ಇರುವ ಅವಕಾಶ ಇಲ್ಲೇ. 5 ನಿಮಿಷ 30 ಎಂದರೆ ಕಿ.ಮೀ.ಗೆ 3 ನಿಮಿಷ 26 ಸೆಕೆಂಡಿನ ವೇಗ. 5,000 ಮೀಟರನ್ನು 17 ನಿಮಿಷದಲ್ಲಿ ಓಡುವವನು ಅದಕ್ಕಿಂತ ಚುರುಕಾಗಿ, 3 ನಿಮಿಷ 24ರಂತೆ, ಮೂರು ಪಟ್ಟು ದೂರ ಓಡುತ್ತಾನೆ. 17 ನಿಮಿಷ ಅಂತರ ಕಾಲೇಜು ಮಟ್ಟಕ್ಕೆ ದೊಡ್ಡ ಸಾಧನೆಯೇನಲ್ಲ, ಎರಡು ವರ್ಷ ಕ್ರಮವಾಗಿ ಓಡಿದ ಸಾಧಾರಣ ಹುಡುಗನಿಗೂ ಸಿಗುತ್ತದೆ. ‘ನಮ್ಮಲ್ಲಿ ಓಡು, ನೇಮಕಾತಿಯ ಓಟ ತಾನಾಗಿ ಪಾಸಾಗುತ್ತದೆ, ಮೇಲೊಂದು ಡಿಗ್ರಿಯೂ ಆಗುತ್ತದೆ’ ಎಂದು ತಂದೆಯ ಮುಂದೆ ಈ ಅಂಕಿಗಳನ್ನು ಇಟ್ಟು ಹೇಳಬಹುದು. ಬಹಳಷ್ಟು ಕಾಲೇಜುಗಳು ಇದರ ಬದಲು ಬಣ್ಣದ ಟ್ರ್ಯಾಕ್ ಸೂಟು, ಪ್ರಮಾಣಪತ್ರ, ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರಿಗೆ ಸಿಗುವ ‘ಯೂನಿವರ್ಸಿಟಿ ಬ್ಲೂ’ ಗೌರವದ ಮಾತಾಡುತ್ತವೆ. ಅವು ಬೇಡವೆಂದಲ್ಲ, ಆದರೆ ಆ ಮನೆಯ ಪ್ರಶ್ನೆಗೆ ಅವು ಉತ್ತರವಾಗುವುದಿಲ್ಲ.

ದುಡಿಮೆಯ ಕಾಲವೂ ಓಟದ ಕಾಲವೂ ಒಂದರ ಮೇಲೊಂದು ಬೀಳುವುದು ಇನ್ನೊಂದು ತೊಡಕು. ಚನ್ನಗಿರಿ ಕಡೆ ಅಡಿಕೆ ಗೊನೆ ಇಳಿಸಿ ಸುಲಿಯುವ ಕೆಲಸ, ದಾವಣಗೆರೆ, ಜಗಳೂರಿನಲ್ಲಿ ಮೆಕ್ಕೆಜೋಳದ ಕಟಾವು, ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕೀಳುವುದು, ಚಿತ್ರದುರ್ಗದ ಈರುಳ್ಳಿ, ಎಲ್ಲ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ. ಕೂಲಿ ಚೆನ್ನಾಗಿ ಸಿಗುವ ಆ ತಿಂಗಳುಗಳಲ್ಲೇ ಪಿಯು ಕೂಟ, ಕ್ರಾಸ್ ಕಂಟ್ರಿ, ಅಂತರ ಕಾಲೇಜು ಕೂಟಗಳೂ ಬರುತ್ತವೆ. ಹುಡುಗ ಅಭ್ಯಾಸಕ್ಕೆ ಬರಲಿಲ್ಲವೆಂದು ಶಿಸ್ತಿಲ್ಲದವನ ಪಟ್ಟಿಗೆ ಸೇರಿಸುವ ಮೊದಲು ಅವನ ಮನೆಯಲ್ಲಿ ಆ ವಾರ ಏನು ಕೆಲಸ ನಡೆದಿದೆ ಎಂದು ಕೇಳಬೇಕು. ಸುಗ್ಗಿಯ ಆರು ವಾರ ವಾರಕ್ಕೆ ಮೂರೇ ದಿನ, ತನ್ನೂರಲ್ಲೇ ನಲವತ್ತು ನಿಮಿಷ ಓಡಿದರೂ ಕಟ್ಟಿದ ದಮ್ಮಿನ ಬಹುಪಾಲು ಉಳಿಯುತ್ತದೆ. ಪೂರ್ತಿ ಬಿಟ್ಟರೆ ಎರಡು ವಾರದಿಂದಲೇ ಇಳಿತ ಶುರು.

ಅಂಕ ಚೆನ್ನಾಗಿರುವ ಮಕ್ಕಳ ಕಥೆ ಬೇರೆ. ದಾವಣಗೆರೆ ಓದಿನ ಊರು. ನೀಟ್, ಸಿಇಟಿ ತರಬೇತಿ ಸೇರಿದ ವಸತಿ ಪಿಯು ಕಾಲೇಜುಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಓದಿನ ವೇಳಾಪಟ್ಟಿ. ಅಲ್ಲಿ ಸೇರಿದ ಓಟಗಾರ ಬಹುಮಟ್ಟಿಗೆ ಕಳೆದುಹೋದಂತೆಯೇ. ಪದವಿ ಕಾಲೇಜಿನ ಓಟದ ತಂಡ ಅವನಿಗಾಗಿ ಕಾಯುವುದು ವ್ಯರ್ಥ.

ಪ್ರಮಾಣಪತ್ರದಲ್ಲಿ ಇಲ್ಲದ ಸಂಗತಿ

ಹೈಸ್ಕೂಲು ಕೂಟದ ಪ್ರಮಾಣಪತ್ರದಲ್ಲಿ ಸ್ಪರ್ಧೆಯ ಹೆಸರಿದೆ, ಸ್ಥಾನವಿದೆ. ಕೆಳಹಂತದ ಕೂಟಗಳಲ್ಲಿ ಸಮಯ ಮಾತ್ರ ಇರುವುದೇ ಇಲ್ಲ. ಪದವಿ ಕಾಲೇಜಿನವರು ‘ತಾಲ್ಲೂಕಿಗೆ ಪ್ರಥಮ’ ಎನ್ನುವುದನ್ನು ಹಿಡಿದು ಹುಡುಗನನ್ನು ಆರಿಸುತ್ತಾರೆ. ಒಂದು ತಾಲ್ಲೂಕಿನ ಮೊದಲನೆಯವನು ಇನ್ನೊಂದು ತಾಲ್ಲೂಕಿನ ಏಳನೆಯವನಿಗಿಂತ ನಿಧಾನವಿರಬಹುದು, ಅದನ್ನು ತಿಳಿಯುವ ದಾರಿಯೇ ಇಲ್ಲ. ಸಮಯ ಬರೆದಿದ್ದರೂ ಅದನ್ನು ನಂಬುವುದು ಕಷ್ಟ. ಹಲವು ಶಾಲಾ ಮೈದಾನಗಳಲ್ಲಿ ಸುತ್ತು 200 ಮೀಟರಿನದು, ಅದರ ಮೇಲೆ 1,500 ಎಂದರೆ ಏಳೂವರೆ ಸುತ್ತು. ಹೊರಡುವ ಗೆರೆ ಒಂದು ಕಡೆ, ಮುಗಿಯುವ ಗೆರೆ ಎದುರು ಕಡೆ. ಹಿಂದೆ ಬಿದ್ದವರನ್ನು ಮುಂದಿನವರು ದಾಟುವಾಗ ಎಣಿಕೆ ತಪ್ಪಿ ಒಂದು ಸುತ್ತು ಕಡಿಮೆ ಓಡಿದವರು ಗೆದ್ದದ್ದೂ ಉಂಟು. ಚಿಕ್ಕ ಸುತ್ತಿನ ಬಿಗಿಯಾದ ತಿರುವಿನಲ್ಲಿ ಉದ್ದ ಕಾಲಿನವನಿಗೆ ನಷ್ಟ, ಗಿಡ್ಡ ಚುರುಕಿನವನಿಗೆ ಲಾಭ. ಮುಂದೆ 400 ಮೀಟರ್ ಟ್ರ್ಯಾಕಿನಲ್ಲಿ ಇದು ತಲೆಕೆಳಗಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಮೈ ಬಲಿಯುವ ವಯಸ್ಸು. ಹದಿನೈದರ ಹುಡುಗರ ಗುಂಪಿನಲ್ಲಿ ಬೇಗ ಮೀಸೆ ಚಿಗುರಿದವನು ಗೆಲ್ಲುತ್ತಾನೆ. ಅವನ ಎತ್ತರ, ಸ್ನಾಯು, ಶ್ವಾಸಕೋಶ ಎಲ್ಲ ಒಂದೆರಡು ವರ್ಷ ಮುಂದಿರುತ್ತವೆ. ಜೊತೆಗೆ ಜನ್ಮದಿನಾಂಕ ತಿದ್ದಿಸಿಕೊಂಡ ಮಕ್ಕಳೂ ಇರುತ್ತಾರೆ ಎನ್ನುವುದು ಕ್ರೀಡಾವಲಯಕ್ಕೆ ಗೊತ್ತಿಲ್ಲದ್ದೇನಲ್ಲ. ಹದಿನೆಂಟು, ಹತ್ತೊಂಬತ್ತಕ್ಕೆ ಬರುವಾಗ ಉಳಿದವರೂ ಬೆಳೆದು ಸರಿಸಮ ಆಗುತ್ತಾರೆ, ಮೊದಲು ಗೆದ್ದವನು ಸೋಲತೊಡಗಿ ಬೇಸರದಿಂದ ಬಿಡುತ್ತಾನೆ. ದೂರದ ಓಟಕ್ಕೆ ಹುಡುಕುವವರು ನಾಲ್ಕರಿಂದ ಎಂಟನೇ ಸ್ಥಾನದವರನ್ನು ನೋಡಬೇಕು: ಸಣ್ಣ ಮೈಕಟ್ಟು, ಇನ್ನೂ ಎತ್ತರ ಬೆಳೆಯುತ್ತಿರುವವನು, ತರಬೇತಿ ಸಿಗದವನು, ಕೊನೆಯ ಸುತ್ತಿನಲ್ಲಿ ಜಾಗ ಬಿಟ್ಟುಕೊಡದವನು.

ಅಳೆಯಲು ಒಂದು ಸರಳ ವಿಧಾನವಿದೆ. ಅಳತೆ ಟೇಪಿನಿಂದ ಪರೀಕ್ಷಿಸಿದ 400 ಮೀಟರ್ ಸುತ್ತಿನಲ್ಲಿ, ಬೆಳಿಗ್ಗೆ ಏಳರೊಳಗೆ, ಹದಿನೈದು ನಿಮಿಷ ಮೈ ಬಿಸಿ ಮಾಡಿಸಿ, ಒಂದು ಗುಂಪಿಗೆ ಹತ್ತಕ್ಕಿಂತ ಹೆಚ್ಚು ಜನ ಸೇರದಂತೆ 3,000 ಮೀಟರ್ ಓಡಿಸಬೇಕು. ಒಬ್ಬೊಬ್ಬ ಓಟಗಾರನಿಗೆ ಸುತ್ತು ಬರೆಯುವ ಒಬ್ಬೊಬ್ಬ ವಿದ್ಯಾರ್ಥಿ ಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಬೇಕಾದದ್ದು ಒಟ್ಟು ಸಮಯಕ್ಕಿಂತ ಸುತ್ತಿನ ಸಮಯ. ಪ್ರತಿ ಸುತ್ತು 80 ಸೆಕೆಂಡಿನಂತೆ ಓಡಿ 10 ನಿಮಿಷಕ್ಕೆ ಮುಗಿಸಿದ ಹುಡುಗ, 70 ಸೆಕೆಂಡಿನಲ್ಲಿ ಹೊರಟು ಕೊನೆಗೆ 86ಕ್ಕೆ ಇಳಿದು 9 ನಿಮಿಷ 50ಕ್ಕೆ ಮುಗಿಸಿದವನಿಗಿಂತ ಮೇಲು. ತರಬೇತಿಯೇ ಇಲ್ಲದ ಹದಿನಾರರ ಹುಡುಗ 10 ನಿಮಿಷ 30ರೊಳಗೆ, ಹುಡುಗಿ 12 ನಿಮಿಷ 30ರೊಳಗೆ ಬಂದರೆ ಹೆಸರು ಬರೆದಿಟ್ಟುಕೊಳ್ಳಬಹುದು. ಎರಡು ದಿನ ಬಿಟ್ಟು ಒಂದು 400 ಮೀಟರ್ ಓಡಿಸಿ ವೇಗ ನೋಡಬೇಕು. ಎಂಟು ವಾರ ವಾರಕ್ಕೆ ನಾಲ್ಕು ದಿನ ಆರಾಮ ಓಟ ಕೊಟ್ಟು ಅದೇ 3,000ವನ್ನು ಮತ್ತೆ ಓಡಿಸಿದಾಗ ಯಾರ ಸಮಯ ಎಷ್ಟು ಇಳಿಯಿತು ಎನ್ನುವುದೇ ನಿಜವಾದ ಆಯ್ಕೆ. ಮೊದಲ ದಿನದ ಸಮಯಕ್ಕಿಂತ ಈ ಇಳಿಕೆಯನ್ನು ಹೆಚ್ಚು ನಂಬಬಹುದು.

ಹುಡುಗಿಯರು ಬಿಡುವುದು ಬೇಗ

ಹುಡುಗಿಯರ ವಿಷಯದಲ್ಲಿ ಕಾರಣಗಳು ಇನ್ನೂ ಸ್ಪಷ್ಟ. ಅಭ್ಯಾಸ ಬೆಳಿಗ್ಗೆ ಆರಕ್ಕೆ, ಹಳ್ಳಿಯ ಮೊದಲ ಬಸ್ಸು ಅದಾದ ಮೇಲೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತವಾಗಿದೆ, ಆದರೆ ಈ ಎರಡೂ ಜಿಲ್ಲೆಗಳ ಎಷ್ಟೋ ಹಳ್ಳಿ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ಕೊಡಲೇಬೇಕು. ಕತ್ತಲಲ್ಲಿ ರಸ್ತೆ ಮೇಲೆ ಒಬ್ಬಳೇ ಓಡಲು ಯಾವ ಮನೆಯವರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಚಡ್ಡಿಯ ಬಗ್ಗೆ ತಕರಾರಿದ್ದರೆ ಟ್ರ್ಯಾಕ್ ಪ್ಯಾಂಟಿನಲ್ಲೇ ಓಡಿಸಲಿ, ಅಭ್ಯಾಸಕ್ಕೆ ಅದರಿಂದ ನಷ್ಟವೇನಿಲ್ಲ. ಮೈದಾನದಲ್ಲಿ ಬಟ್ಟೆ ಬದಲಿಸುವ ಕೋಣೆ, ನೀರಿರುವ ಶೌಚಾಲಯ, ಒಬ್ಬ ಮಹಿಳಾ ಉಪನ್ಯಾಸಕಿ ಇರಬೇಕು. ಇವು ಇಲ್ಲದ ಕಾಲೇಜು ಎಷ್ಟು ಕರೆದರೂ ಹುಡುಗಿಯರು ಬರುವುದಿಲ್ಲ.

ರಕ್ತಹೀನತೆಯನ್ನು ಮರೆಯಬಾರದು. ಹತ್ತನೇ ತರಗತಿಯಲ್ಲಿ ಚೆನ್ನಾಗಿ ಓಡಿದ ಹುಡುಗಿ ಪಿಯುಸಿಗೆ ಬರುವಾಗ ‘ಸೋಮಾರಿ’ ಆದಳು ಎಂದು ಹೇಳುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಆರೋಗ್ಯ ಕೇಂದ್ರದಲ್ಲಿ ಅದು ಸಾಧಾರಣ ಪರೀಕ್ಷೆ. ಹುಡುಗಿಯರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. 9 ಗ್ರಾಂ ಇಟ್ಟುಕೊಂಡು 3,000 ಮೀಟರ್ ಓಡು ಎಂದರೆ ಆ ಮಗುವಿಗೆ ಮಾಡುವ ಅನ್ಯಾಯ. ವೈದ್ಯರು ಹೇಳಿದ ಕಬ್ಬಿಣಾಂಶದ ಮಾತ್ರೆಯನ್ನು ಚಹಾ, ಕಾಫಿ ಜೊತೆ ತೆಗೆದುಕೊಂಡರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆ ನೀರಿನ ಜೊತೆ ತೆಗೆದುಕೊಳ್ಳಬೇಕು. ಎರಡು ಮೂರು ತಿಂಗಳಲ್ಲಿ ಓಟದಲ್ಲೇ ವ್ಯತ್ಯಾಸ ಕಾಣುತ್ತದೆ.

ಮೂಡುಬಿದಿರೆಯಿಂದ ಕಲಿಯುವುದು, ಗರಡಿಯಿಂದ ಕಲಿಯುವುದು

ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾ ದತ್ತು ಯೋಜನೆಯಲ್ಲಿ ಊಟ, ವಸತಿ, ಶಿಕ್ಷಣ ಉಚಿತವಾಗಿ ಕೊಡುತ್ತದೆ. ಅದರ ಪದವಿ ಕಾಲೇಜು ಸೇರಿರುವ ಮಂಗಳೂರು ವಿಶ್ವವಿದ್ಯಾಲಯ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮತ್ತೆ ಮತ್ತೆ ಸಮಗ್ರ ಪ್ರಶಸ್ತಿ ಗೆದ್ದಿರುವುದರ ಹಿಂದೆ ಈ ವ್ಯವಸ್ಥೆಯ ಪಾಲು ದೊಡ್ಡದು. ಅದರ ಬಲ ಬರೀ ಹಣದಲ್ಲಿಲ್ಲ. ಅಲ್ಲಿ ಹೈಸ್ಕೂಲು, ಪಿಯು, ಪದವಿ ಒಂದೇ ಸಂಸ್ಥೆಯಡಿ ಇವೆ, ತರಬೇತಿ ನಡುವೆ ಕಡಿಯುವುದಿಲ್ಲ. ಆ 33 ತಿಂಗಳ ಕಂದರ ಅಲ್ಲಿ ಇಲ್ಲವೇ ಇಲ್ಲ.

ಇದೇ ಪಾಠ ದಾವಣಗೆರೆಯ ಕುಸ್ತಿಯಲ್ಲಿ ಇದೆ. ಗರಡಿ ಮನೆಗೆ ಹತ್ತು ವರ್ಷಕ್ಕೆ ಕಾಲಿಟ್ಟ ಹುಡುಗ ಶಾಲೆ ಬದಲಿಸಲಿ, ಪಿಯುಸಿಗೆ ಹೋಗಲಿ, ಕೆಲಸಕ್ಕೆ ಸೇರಲಿ, ಸಂಜೆ ಅದೇ ಮಣ್ಣಿಗೆ, ಅದೇ ಉಸ್ತಾದರ ಹತ್ತಿರಕ್ಕೆ ಬರುತ್ತಾನೆ. ಓಟಗಾರನಿಗೆ ಅಂಥ ಜಾಗವಿಲ್ಲ. ಶಾಲೆ ಮುಗಿದರೆ ಅವನ ಓಟದ ವಿಳಾಸವೂ ಮುಗಿಯಿತು.

ಪದವಿ ಕಾಲೇಜಿನ ಓಟದ ತಂಡ ಮಾಡಬೇಕಾದ ಕೆಲಸ ಇದರಿಂದ ತಾನಾಗಿ ಹೊರಡುತ್ತದೆ: ತನ್ನ ವಿದ್ಯಾರ್ಥಿಗಳಾಗುವ ಮೊದಲೇ ಮಕ್ಕಳಿಗೆ ಮೈದಾನ ತೆರೆಯುವುದು. ಅದೇ ಸಂಸ್ಥೆಗೆ ಪಿಯು ಕಾಲೇಜೂ ಇದ್ದರೆ ಅರ್ಧ ಕೆಲಸ ಮುಗಿದಂತೆ, ಬೇಕಾದದ್ದು ಪಿಯು ಮಕ್ಕಳು ಡಿಗ್ರಿ ತಂಡದ ಜೊತೆ ಓಡಲು ಪ್ರಾಂಶುಪಾಲರ ಒಂದು ಒಪ್ಪಿಗೆ. ಇಲ್ಲದಿದ್ದರೆ ಸುತ್ತಲ 15 ಕಿ.ಮೀ. ಒಳಗಿನ ಹೈಸ್ಕೂಲುಗಳಿಂದ ಹನ್ನೆರಡು ಮಕ್ಕಳು ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಬರೆದ ಮಕ್ಕಳಿಗೆ ಕೈತುಂಬ ಸಮಯವಿರುತ್ತದೆ, ಇನ್ನೂ ಯಾವ ಪಿಯು ಎಂದು ನಿರ್ಧಾರವಾಗಿರುವುದಿಲ್ಲ. ಆರಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಈ ಸೀಮೆಯ ಬೇಸಿಗೆಯಲ್ಲಿ ಬೆಳಿಗ್ಗೆ ಐದೂಮುಕ್ಕಾಲಿಗೆ ಶುರುಮಾಡಿ ಏಳೂಕಾಲಿಗೆ ಮುಗಿಸಬೇಕು. ದಾವಣಗೆರೆಯಲ್ಲಿ ಕುಂದವಾಡ ಕೆರೆಯ ಸುತ್ತ ಆರಾಮ ಓಟಕ್ಕೆ ಅನುಕೂಲವಿದೆ. ಚಿತ್ರದುರ್ಗದವರಿಗೆ ಜೋಗಿಮಟ್ಟಿ ಕಡೆಯ ಏರು ಇದೆ, ಕಾಲಿಗೆ ಬಲ ಬರಲು ಅಂಥ ಏರಿನಲ್ಲಿ ವಾರಕ್ಕೊಮ್ಮೆ ಎಂಟು ಸಲ ನಲವತ್ತು ಸೆಕೆಂಡಿನ ಓಟ ಸಾಕು. ಅಲ್ಲಿ ಕರಡಿಗಳಿರುವುದರಿಂದ ಪೂರ್ತಿ ಬೆಳಕಾದ ಮೇಲೆ, ಗುಂಪಾಗಿ ಮಾತ್ರ ಹೋಗಬೇಕು.

ಖರ್ಚಿನ ಅಂದಾಜು ಹೀಗಿದೆ. ಓಡಿದ ಮೇಲೆ ಒಬ್ಬರಿಗೆ ಎರಡು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ನೆನೆಸಿದ ಶೇಂಗಾ, ಒಂದು ಬಾಳೆಹಣ್ಣು. ಮೊಟ್ಟೆ ತಿನ್ನದವರಿಗೆ ಹಾಲು, ಶೇಂಗಾ ಹೆಚ್ಚಿಸಬೇಕು. ಸುಮಾರು ₹40. ಹನ್ನೆರಡು ಮಕ್ಕಳಿಗೆ ವರ್ಷಕ್ಕೆ 250 ದಿನ ಎಂದರೆ ₹1,20,000. ತಲಾ ಎರಡು ಜೊತೆ ಓಟದ ಶೂ, ಜೊತೆಯೊಂದಕ್ಕೆ ₹2,500ರಂತೆ ₹60,000. ತಲಾ ಒಂದು ಜೊತೆ ಸ್ಪೈಕ್ಸ್ (ತಳದಲ್ಲಿ ಮೊಳೆಯಿರುವ ಟ್ರ್ಯಾಕ್ ಶೂ) ₹2,000ರಂತೆ ₹24,000. ಒಟ್ಟು ಎರಡು ಲಕ್ಷದ ಸುತ್ತ. ಸಾವಿರ ವಿದ್ಯಾರ್ಥಿಗಳಿರುವ ಕಾಲೇಜು ತಲೆಗೆ ₹200ರಂತೆ ಕ್ರೀಡಾ ಶುಲ್ಕ ತೆಗೆದುಕೊಂಡರೂ ಇಷ್ಟು ಹಣ ಬರುತ್ತದೆ. ಮೊದಲು ಕಡಿತ ಮಾಡಬಾರದ್ದು ಊಟ. ಬರಿ ಹೊಟ್ಟೆಯಲ್ಲಿ ಓಡಿ, ಹತ್ತು ಗಂಟೆಯವರೆಗೆ ಮಂಡಕ್ಕಿ ತಿಂದುಕೊಂಡು ಇರುವ ಹುಡುಗ ಎರಡೇ ತಿಂಗಳಲ್ಲಿ ಸೊರಗುತ್ತಾನೆ.

ವಸತಿಯನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಸರ್ಕಾರಿ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳ ಆಯ್ಕೆ ಮುಖ್ಯವಾಗಿ ಅಂಕದ ಮೇಲೆ ನಡೆಯುತ್ತದೆ, ಪಟ್ಟಿ ಬರುವುದು ಕಾಲೇಜು ಶುರುವಾದ ಮೇಲೆ. ಶೇ 50ರ ಆಸುಪಾಸಿನ ಅಂಕದ ಓಟಗಾರ ಆ ಎರಡು ತಿಂಗಳು ಮೊಳಕಾಲ್ಮುರಿನಿಂದಲೋ ಹೊಸದುರ್ಗದಿಂದಲೋ ದಿನಾ ಓಡಾಡಲಾರ, ಊರಲ್ಲೇ ಉಳಿದುಬಿಡುತ್ತಾನೆ. ಆ ಎರಡು ತಿಂಗಳಿಗೆ ನಾಲ್ವರು ಸೇರಿ ಇರಲು ಒಂದು ಬಾಡಿಗೆ ಕೋಣೆ ಕೊಡಿಸಿದರೂ ತಂಡ ಉಳಿಯುತ್ತದೆ. ಹಾಗೆಯೇ ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಇನಿಷಿಯಲ್, ಜನ್ಮದಿನಾಂಕ ಒಂದೇ ಇದೆಯೇ ಎಂದು ಸೇರುವ ದಿನವೇ ನೋಡಿ ಸರಿಪಡಿಸಬೇಕು. ಕೂಟದ ಹಿಂದಿನ ವಾರ ಗೊತ್ತಾದರೆ ತಿದ್ದಿಸಲು ಸಮಯವಿರುವುದಿಲ್ಲ, ವರ್ಷದ ಶ್ರಮ ಅರ್ಜಿಯ ಹಂತದಲ್ಲೇ ಬಿದ್ದುಹೋಗುತ್ತದೆ.

ಮಕ್ಕಳನ್ನು ಕಳುಹಿಸಿಕೊಡುವವರು ಹೈಸ್ಕೂಲಿನ ಪಿಟಿ ಮೇಷ್ಟ್ರು. ಹನ್ನೆರಡರ ವಯಸ್ಸಿನಿಂದ ಆ ಮಗುವಿನ ಕಾಲು ನೋಡಿದವರು ಅವರು. ಕಾಲೇಜಿನವರು ಅವರ ಬಳಿ ಹೋಗುವುದು ವರ್ಷಕ್ಕೊಮ್ಮೆ, ‘ಯಾರಾದರೂ ಇದ್ದರೆ ಕಳಿಸಿ ಮೇಷ್ಟ್ರೇ’ ಎನ್ನಲು. ಕಳಿಸಿದ ಮೇಲೆ ಆ ಮಗು ಏನಾಯಿತು ಎಂದು ಹೇಳುವವರಿಲ್ಲ. ಸೆಪ್ಟೆಂಬರಿನ ತಾಲ್ಲೂಕು ಕೂಟಕ್ಕೆ ಕಾಲೇಜಿನಿಂದ ಎರಡು ಸ್ಟಾಪ್‌ವಾಚ್ ಹಿಡಿದು ನಾಲ್ವರು ವಿದ್ಯಾರ್ಥಿಗಳು ಹೋಗಲಿ, 800, 1,500, 3,000 ಮೀಟರಿನ ಮೊದಲ ಹತ್ತು ಮಕ್ಕಳ ಸಮಯ ಬರೆದು ಅವರವರ ಮೇಷ್ಟ್ರಿಗೆ ಅಂದೇ ಸಂಜೆ ವಾಟ್ಸ್ಆ್ಯಪ್ ಮಾಡಲಿ. ಕಾಲೇಜಿಗೆ ಬಂದ ಮಗುವಿನ 3,000 ಮೀಟರ್ ಸಮಯವನ್ನು ಎರಡು ತಿಂಗಳಿಗೊಮ್ಮೆ ಕಳುಹಿಸಲಿ. ಕೂಟದಲ್ಲಿ ಗೆದ್ದಾಗ ಪತ್ರಿಕೆಗೆ ಕೊಡುವ ಸುದ್ದಿಯಲ್ಲಿ ಕಾಲೇಜಿನ ಹೆಸರಿನ ಪಕ್ಕದಲ್ಲಿ ಆ ಹೈಸ್ಕೂಲಿನ ಹೆಸರೂ ಮೇಷ್ಟ್ರ ಹೆಸರೂ ಇರಲಿ. ಮುಂದಿನ ವರ್ಷದ ಹುಡುಗನನ್ನು ಅವರು ಯಾರೂ ಕೇಳುವ ಮೊದಲೇ ಕಳುಹಿಸುತ್ತಾರೆ.